102 ಮೆಗಾಪಿಕ್ಸೆಲ್ ಬಾಡಿಗೆಗೆ ತಂದು ಹಳೇಬೀಡಲ್ಲಿ ಪೇಚಾಡಿದ್ದು: ಫ್ಯೂಜಿ ಜಿಎಫ್‌ಎಕ್ಸ್ 100ಎಸ್, ನಾಲ್ಕು ಲೆನ್ಸು, ನಾಲ್ಕು ದಿನ

ಅರ್ಜೆಂಟಲ್ಲಿರೋರು ಇಷ್ಟು ಓದ್ಕೊಂಡು ಹೋಗ್ಬೋದು: ಜಿಎಫ್‌ಎಕ್ಸ್ 100ಎಸ್ ಕ್ಯಾಮೆರಾ ಕೊಂಡ್ರೂ ಸರಿ, ಬಾಡಿಗೆಗೆ ತಂದ್ರೂ ಸರಿ, ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಫೋಕಸ್ಸು ಬೇಗ ಆಗುತ್ತಾ ನಿಧಾನ ಆಗುತ್ತಾ ಅನ್ನೋದನ್ನ ಮುಕ್ಕಾಲು ಪಾಲು ತೀರ್ಮಾನ ಮಾಡೋದು ಮುಂದೆ ಹಾಕಿರೋ ಲೆನ್ಸು, ಮಿಕ್ಕಿದ್ದು ನೀವು ಮೆನುವಲ್ಲಿ ಏನ್ ಒತ್ತಿಟ್ಟಿದೀರ ಅನ್ನೋದು, ಅಥವಾ ನನ್ ಕೇಸಲ್ಲಿ ಆದಂಗೆ ನಿಮಗಿಂತ ಮುಂಚೆ ಬಾಡಿಗೆಗೆ ತಗೊಂಡೋಗಿದ್ದ ಪುಣ್ಯಾತ್ಮ ಏನ್ ಒತ್ತಿಟ್ಟಿದ್ದ ಅನ್ನೋದು. ಆ ಕಥೆಗೆ ಬರ್ತೀನಿ.

ನಂದು ಹಾಸನದಲ್ಲಿ ಚಿಕ್ಕ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇದೇ ನಮ್ ಅನ್ನ. ದಿನಾ ಕೈಯಲ್ಲಿರೋದು 24 ಮೆಗಾಪಿಕ್ಸೆಲ್ ಫುಲ್ ಫ್ರೇಮು (ಹಳೇ 35 ಎಂಎಂ ಫಿಲ್ಮ್ ಅಳತೆ ಸೆನ್ಸರಿಂದು), ಅದ್ರಿಂದ ಯಾವ ಗಿರಾಕಿನೂ ಬೈಕೊಂಡು ಹೋಗಿಲ್ಲ. ಆದ್ರೆ ಮೂಡಿಗೆರೆ ಕಡೆ ಕಾಫಿ ತೋಟ ಇರೋ ಹಳೇ ಗಿರಾಕಿಯೊಬ್ರು, ಅವ್ರ ಮಗಳ ಮದುವೆ ನಾನೇ ತೆಗೆದಿದ್ದು, ತೋಟದ ಮನೇಲಿ ಹೋಂಸ್ಟೇ ಶುರು ಮಾಡ್ತಾ ಇದ್ರು. ಗೋಡೆಗೆ 6 ಅಡಿ ಅಗಲದ ಮೂರು ಪ್ರಿಂಟ್ ಬೇಕು ಅಂದ್ರು, ಹಳೇಬೀಡಿನ ಗೋಡೆ ಒಂದು, ಕಾಫಿ ಹೂವು ಒಂದು, ಗಿರಿ ಮೇಲಿನ ಮಂಜು ಒಂದು. "ಮೂಗು ತಾಗ್ಸಿ ನೋಡಿದ್ರೂ ಕಲ್ಲಲ್ಲಿ ಉಳಿ ಗುರುತು ಕಾಣ್ಬೇಕು ಕಣಯ್ಯಾ" ಅಂತ ಬೇರೆ ಸೇರಿಸಿದ್ರು. ಲೆಕ್ಕ ಹಾಕ್ದೆ. ನನ್ ಕ್ಯಾಮೆರಾದಲ್ಲಿ ಉದ್ದಕ್ಕೆ 6000 ಪಿಕ್ಸೆಲ್ಲು, 72 ಇಂಚಿಗೆ ಹಂಚಿದ್ರೆ ಇಂಚಿಗೆ 83 ಬರುತ್ತೆ, ದೂರ ನಿಂತು ನೋಡೋಕೆ ನಡೆಯುತ್ತೆ, ಮೂಗು ತಾಗ್ಸೋರಿಗೆ ನಡೆಯಲ್ಲ. 100ಎಸ್‌ದು 11648 ಬೈ 8736, ಅಂದ್ರೆ ಇಂಚಿಗೆ 160 ಚಿಲ್ರೆ. ಸರಿ ತರಿಸೋಣ ಅಂತ ಬೆಂಗಳೂರಿನ ಒಂದು ಬಾಡಿಗೆ ಅಂಗಡಿಗೆ ಫೋನ್ ಹಾಕ್ದೆ, ರಾತ್ರಿ ಬಸ್ಸಿಗೆ ಹಾಕಿ ಕಳ್ಸಿದ್ರು. ಬಾಡಿ, ಜೊತೆಗೆ 63 ಎಂಎಂ ಎಫ್2.8, 110 ಎಂಎಂ ಎಫ್2, 120 ಎಂಎಂ ಎಫ್4 ಮ್ಯಾಕ್ರೋ, 32-64 ಎಫ್4 ಜೂಮು. (ಎಫ್ ಅಂದ್ರೆ ಲೆನ್ಸಿನ ಕಿಂಡಿ ಅಳತೆ, ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಹಿನ್ನೆಲೆ ಮಸುಕು ಜಾಸ್ತಿ.) ನಾಲ್ಕು ದಿನದ ಬಾಡಿಗೆ ಹತ್ರಹತ್ರ ಒಂದು ಮದುವೆ ಅಡ್ವಾನ್ಸ್‌ನಷ್ಟಾಯ್ತು, ಅದನ್ನ ತೋಟದವ್ರ ಬಿಲ್ಲಿಗೇ ಹಾಕಿದೀನಿ, ಸುಳ್ಳು ಯಾಕೆ ಹೇಳ್ಲಿ.

ಸೆನ್ಸರ್, ಅಂದ್ರೆ ಫಿಲ್ಮ್ ಜಾಗದಲ್ಲಿ ಬೆಳಕು ಹಿಡಿಯೋ ಚಿಪ್ಪಿನ ವಿಷ್ಯ ಬೇಗ ಮುಗಿಸ್ತೀನಿ. 43.8 ಬೈ 32.9 ಎಂಎಂ, ಫುಲ್ ಫ್ರೇಮಿಗಿಂತ ವಿಸ್ತೀರ್ಣದಲ್ಲಿ 1.7 ಪಟ್ಟು ಹತ್ರ. ನಮ್ ತಂದೆ ಯಾಶಿಕಾ ಮ್ಯಾಟಲ್ಲಿ 120 ರೋಲ್ ಹಾಕಿ 6 ಬೈ 6 ತೆಗೀತಿದ್ರು, ಅವ್ರಿಗೆ ಇದನ್ನ ತೋರ್ಸಿ ಮೀಡಿಯಂ ಫಾರ್ಮ್ಯಾಟು (ಫುಲ್ ಫ್ರೇಮಿಗಿಂತ ದೊಡ್ಡ ಅಳತೆ) ಅಂದ್ರೆ "ಇಷ್ಟೇನಾ" ಅಂದ್ರು, ಅವ್ರು ಹೇಳಿದ್ದೂ ನಿಜವೇ, ಆ ಫಿಲ್ಮ್ ಮುಂದೆ ಇದು ಮರಿ. ಲೆನ್ಸ್ ಲೆಕ್ಕಕ್ಕೆ 0.79ರಿಂದ ಗುಣಿಸ್ಕೊಳ್ಳಿ: 63 ಅಂದ್ರೆ ನಮ್ 50ರ ನೋಟ, 110 ಅಂದ್ರೆ 87, 120 ಅಂದ್ರೆ 95, 32-64 ಅಂದ್ರೆ 25-51. ಹಿನ್ನೆಲೆ ಮಸುಕಾಗೋ ಲೆಕ್ಕಕ್ಕೂ ಅದೇ, 110ರ ಎಫ್2 ನಮ್ಗೆ ಎಫ್1.6 ಇದ್ದಂಗೆ.

ಇಲ್ಲಿಂದಲೇ ಕಷ್ಟ ಶುರು. 24 ಮೆಗಾಪಿಕ್ಸೆಲಲ್ಲಿ ನಾನು "ಶಾರ್ಪು" ಅಂತ ಗಿರಾಕಿಗೆ ಕೊಡ್ತಿದ್ದ ಫೋಕಸ್ಸೆಲ್ಲಾ ಈ ಕ್ಯಾಮೆರಾದಲ್ಲಿ 100 ಪರ್ಸೆಂಟಿಗೆ ಜೂಮ್ ಮಾಡಿದ್ರೆ ಬಣ್ಣ ಬಯಲಾಗುತ್ತೆ. ಬೇಲೂರಲ್ಲಿ ಕನ್ನಡಿ ಹಿಡ್ಕೊಂಡಿರೋ ದರ್ಪಣ ಸುಂದರಿ ಇದಾಳಲ್ಲ, ಕೆಳಗೆ ನಿಂತು 110 ಹಾಕಿ ಎಫ್2ರಲ್ಲೇ ತೆಗೆದೆ, ಹಿಂದಿನ ಪರದೆಲಿ ನೋಡಿದ್ರೆ ಬೊಂಬಾಟಾಗಿತ್ತು. ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡ್ತೀನಿ, ಕನ್ನಡಿ ಅಂಚು ಬ್ಲೇಡ್ ಇದ್ದಂಗಿದೆ, ಅವಳ ಮೂಗು ಬೆಣ್ಣೆ ಥರ. ಅಷ್ಟು ದೂರದಿಂದ ಎಫ್2ರಲ್ಲಿ ಈ ರೆಸಲ್ಯೂಷನ್ನಿಗೆ ಸರಿ ಅನ್ಸೋ ಫೋಕಸ್ಸಿನ ಆಳ ನಾಲ್ಕೈದು ಬೆರಳು ಅಗಲ ಸಿಕ್ರೆ ಹೆಚ್ಚು, ಅವಳ ಕನ್ನಡಿಗೂ ಮುಖಕ್ಕೂ ಮಧ್ಯೆ ಅದಕ್ಕಿಂತ ಜಾಗ ಇದೆ. ಮಾರನೇ ಸಲ ಎಫ್5.6ಕ್ಕೆ ಇಳಿಸಿ, ಫೋಕಸ್ ಬಾಕ್ಸ್ ಚಿಕ್ಕದು ಮಾಡಿ ಕಣ್ಣಿನ ರೆಪ್ಪೆ ಮೇಲೆ ಇಟ್ಟು ತೆಗೆದ್ಮೇಲೆ ಸರಿ ಹೋಯ್ತು. ಮೆನುವಲ್ಲಿ ಡೆಪ್ತ್ ಆಫ್ ಫೀಲ್ಡ್ ಸ್ಕೇಲ್ ಅಂತ ಒಂದಿದೆ, ಅದ್ರಲ್ಲಿ ಎರಡು ಲೆಕ್ಕ, ಫಿಲ್ಮ್ ಲೆಕ್ಕ ಮತ್ತು ಪಿಕ್ಸೆಲ್ ಲೆಕ್ಕ. ದೊಡ್ಡ ಪ್ರಿಂಟ್ ಮಾಡ್ಸೋರು ಪಿಕ್ಸೆಲ್‌ಗೆ ಇಟ್ಕೊಳ್ಳಿ. ಫಿಲ್ಮ್ ಲೆಕ್ಕದಲ್ಲಿ ಇಟ್ರೆ ಅದು ಉದಾರವಾಗಿ ಇಷ್ಟುದ್ದ ಪಟ್ಟಿ ತೋರ್ಸಿ ಎಲ್ಲಾ ಫೋಕಸಲ್ಲಿದೆ ಅಂತ ಸಮಾಧಾನ ಹೇಳುತ್ತೆ, ಪ್ರಿಂಟಲ್ಲಿ ಆ ಸಮಾಧಾನ ಇರಲ್ಲ.

ಈಗ ಹಳೇಬೀಡಿನ ಕಥೆ. ಮೊದಲ್ನೇ ದಿನ ಮುಳ್ಳಯ್ಯನಗಿರಿಗೆ ಹೋಗಿದ್ವಿ, ಫೋಕಸ್ಸು ಪಾಡಾಗೇ ಇತ್ತು. ಎರಡನೇ ದಿನ ಹೊಯ್ಸಳೇಶ್ವರದ ಗೋಡೆ ಮುಂದೆ 120 ಮ್ಯಾಕ್ರೋ ಹಾಕ್ಕೊಂಡು ನಿಂತೆ. ಕೆಳಗಡೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಎಲ್ಲಾ ಬಳಪದ ಕಲ್ಲು, ಓರೆ ಬಿಸಿಲು ಬಿದ್ರೆ ಒಂದೊಂದು ಮಣಿನೂ ಎಣಿಸ್ಬೋದು. ಒಂದು ಆನೆ ಸೊಂಡ್ಲು ಮೇಲೆ ಬಾಕ್ಸ್ ಇಟ್ಟು ಶಟರ್ ಬಟನ್ ಅರ್ಧ ಒತ್ತಿದೆ. ಲೆನ್ಸು ಸ್ವಲ್ಪ ಗುರ್ ಅಂತು, ಬಾಕ್ಸು ಕೆಂಪಾಯ್ತು. ಮತ್ತೆ ಒತ್ತಿದೆ, ಮತ್ತೆ ಕೆಂಪು. ಲೆನ್ಸ್ ಬಿಚ್ಚಿ ಹಾಕ್ದೆ, ಶರ್ಟ್ ಅಂಚಲ್ಲಿ ಕಾಂಟ್ಯಾಕ್ಟ್ ಒರಸ್ದೆ, ಅದನ್ನ ಯಾರೂ ಮಾಡ್ಬೇಡಿ, ಬ್ಯಾಟ್ರಿ ತೆಗ್ದು ಹಾಕ್ದೆ, ಬಾಕ್ಸ್ ದೊಡ್ದು ಮಾಡ್ದೆ, ಝೋನ್‌ಗೆ ಹಾಕ್ದೆ, ಎಎಫ್-ಸಿಗೆ (ಎಎಫ್ ಅಂದ್ರೆ ಆಟೋಫೋಕಸ್, ಸಿ ಅಂದ್ರೆ ಬಿಡದೆ ಫೋಕಸ್ ಹಿಂಬಾಲಿಸೋದು) ತಿರುಗಿಸ್ದೆ. ಊಹೂಂ. 63 ಹಾಕಿ ನೋಡಿದ್ರೆ ಅದೂ ಅಷ್ಟೇ. ಬಾಡಿನೇ ಹೋಯ್ತು, ಡೆಪಾಸಿಟ್ ಗೋವಿಂದ ಅಂತ ನೆತ್ತಿ ಬಿಸಿಯಾಯ್ತು. ಟ್ರೈಪಾಡ್‌ಗೆ ಎಎಸ್‌ಐ (ಪುರಾತತ್ವ ಇಲಾಖೆ) ಅನುಮತಿ ಅಂತ ಮುಂಚೆ ಓಡಾಡಿ ತಗೊಂಡಿದ್ದೆ, ಬಿಸಿಲು ಬೇರೆ ಸರೀತಾ ಇದೆ, ಟೂರಿಸ್ಟ್ ಬಸ್ಸು ಎರಡು ಬಂದು ನಿಂತಿದಾವೆ.

ಜೊತೇಲಿ ನಮ್ ಸ್ಟುಡಿಯೋ ಹುಡುಗ ಇದ್ದ, ಲೈಟ್ ಹಿಡಿಯೋನು, ಕ್ಯಾಮೆರಾ ಮೆನು ಅಂದ್ರೆ ಮಾರು ದೂರ. ಅವನು ಕಡ್ಲೆಕಾಯಿ ತಿನ್ಕೊಂಡು ನಿಂತಿದ್ದೋನು "ಅಣ್ಣ, ನೆನ್ನೆ ಗಿರೀಲಿ ದೂರದ್ದೆಲ್ಲಾ ಆಗ್ತಿತ್ತಲ್ಲ, ಈಗ್ಲೂ ಹಿಂದೆ ಹೋಗಿ ಇಡೀ ಗೋಡೆ ತೆಗೆದ್ರಲ್ಲ ಅದೂ ಆಯ್ತು, ಹತ್ರದ್ದೇ ಯಾಕ್ ಮುನಿಸ್ಕೊಂಡಿದೆ?" ಅಂದ. ಲೋ ಅಂದೆ. ಹಿಂದಕ್ಕೆ ಹೆಜ್ಜೆ ಹಾಕ್ತಾ ಒಂದೊಂದು ಸಲ ಒತ್ತಿ ನೋಡ್ದೆ, ಆರೇಳು ಹೆಜ್ಜೆ ಆದ್ಮೇಲೆ ಪಕ್ ಅಂತ ಹಸಿರು. ಮೆನು ತೆಗೆದು ಎಎಫ್ ಸೆಟ್ಟಿಂಗ್ ಕೆಳಗಡೆ ಹುಡುಕಿದ್ರೆ ಎಎಫ್ ರೇಂಜ್ ಲಿಮಿಟರ್ ಆನ್ ಇದೆ, 5 ಮೀಟರ್‌ನಿಂದ ಆಚೆಗೆ ಮಾತ್ರ. ಹಿಂದೆ ತಗೊಂಡೋನು ಯಾವ್ದೋ ದೂರದ ಕೆಲ್ಸಕ್ಕೆ ಹಾಕ್ಕೊಂಡಿರ್ಬೇಕು, ತಪ್ಪೇನಿಲ್ಲ, ಬೇಲಿ, ಕೊಂಬೆ ಅಡ್ಡ ಇರೋ ಕಡೆ ಇದು ಉಪಯೋಗಕ್ಕೆ ಬರೋ ಸೆಟ್ಟಿಂಗೇ. ಆದ್ರೆ ತೆಗೀದೆ ವಾಪಸ್ ಕೊಟ್ಟಿದಾನೆ, ಅಂಗಡಿಯವ್ರೂ ನೋಡಿಲ್ಲ. ಒಂದೂವರೆ ಗಂಟೆ ಬಿಸಿಲು ಹೋಯ್ತು. ಹುಡುಗನಿಗೆ ಬೇಲೂರಲ್ಲಿ ಮಸಾಲೆ ದೋಸೆ ಎರಡು ಕೊಡಿಸ್ದೆ. ಬಾಡಿಗೆ ಕ್ಯಾಮೆರಾ ಕೈಗೆ ಬಂದ ತಕ್ಷಣ ಮೆನುವಲ್ಲಿ ರೀಸೆಟ್ ಹೊಡೀರಿ, ಶೂಟಿಂಗ್ ಮೆನು ಒಂದ್ಸಲ, ಸೆಟಪ್ ಒಂದ್ಸಲ. ಈ ರಿವ್ಯೂಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದೊಂದನ್ನ ಇಟ್ಕೊಳ್ಳಿ.

ರೀಸೆಟ್ ಆದ್ಮೇಲೆ ನಾನು ಇಟ್ಕೊಂಡ ಸೆಟ್ಟಿಂಗು ಹೀಗಿದೆ. ಕಲ್ಲಿಗೆ ಎಎಫ್-ಎಸ್ (ಒಂದ್ಸಲ ಫೋಕಸ್ ಮಾಡಿ ನಿಲ್ಲೋದು), ಸಿಂಗಲ್ ಪಾಯಿಂಟು, ಪಾಯಿಂಟ್ ಸಂಖ್ಯೆ 425ಕ್ಕೆ ಹಾಕಿ, ಯಾಕಂದ್ರೆ 117ರಲ್ಲಿ ನಿಮ್ಗೆ ಬೇಕಾದ ಜಾಗಕ್ಕೂ ಬಾಕ್ಸಿಗೂ ನಡುವೆ ಯಾವಾಗ್ಲೂ ಅರ್ಧ ಬೆರಳು ದೂರ ಉಳ್ಕೊಳ್ಳುತ್ತೆ. ಬಾಕ್ಸ್ ಸೈಜು ತೀರಾ ಚಿಕ್ಕದಕ್ಕೆ ಇಟ್ರೆ ನುಣುಪು ಕಲ್ಲಿನ ಮೇಲೆ ಹಿಡ್ಕೊಳ್ಳೋಕೆ ಏನೂ ಸಿಗದೆ ಲೆನ್ಸು ಹಿಂದೆ ಮುಂದೆ ತಡಕಾಡುತ್ತೆ, ದೊಡ್ಡದಕ್ಕೆ ಇಟ್ರೆ ಆನೆ ಬಿಟ್ಟು ಹಿಂದಿನ ಬಳ್ಳಿ ಹಿಡಿಯುತ್ತೆ, ಅದ್ಕೆ ಚಿಕ್ಕದ್ರಿಂದ ಒಂದು ಮೇಲೆ. ಹಿಂದಿನ ಡಯಲ್ ತಿರುಗ್ಸಿದ್ರೆ ಬದಲಾಗುತ್ತೆ, ಕಣ್ಣು ತೆಗೆಯೋ ಹಂಗಿಲ್ಲ. ಪ್ರಯಾರಿಟಿ ಎಎಫ್-ಎಸ್‌ಗೆ ಫೋಕಸ್ ಅಂತ ಇಡಿ, ಫೋಕಸ್ ಆಗೋವರೆಗೂ ಶಟರ್ ಬೀಳಲ್ಲ, ರಿಲೀಸ್ ಅಂತ ಇದ್ರೆ ನೀವು ಒತ್ತಿದಾಗ ತೆಗೀತಾ ಹೋಗುತ್ತೆ, ಮನೆಗೆ ಬಂದ್ಮೇಲೆ ಗೊತ್ತಾಗೋದು. ಪ್ರಿ-ಎಎಫ್ (ಬಟನ್ ಒತ್ತೋಕೆ ಮುಂಚೆನೇ ಫೋಕಸ್ ಹುಡುಕ್ತಿರೋದು) ಆಫ್ ಮಾಡಿ, ಸುಮ್ನೆ ಬ್ಯಾಟ್ರಿ ತಿನ್ನುತ್ತೆ. ಎಎಫ್ ಲೈಟ್ ಆಫ್ ಮಾಡಿ, ದೇವಸ್ಥಾನದ ಒಳಗೆ ಕಲ್ಲಿನ ಮೇಲೆ ಅದು ಬಿದ್ರೆ ಅರ್ಚಕರು ತಿರುಗಿ ನೋಡ್ತಾರೆ, ನ್ಯಾಯವೇ.

ಮುಖ ಗುರುತಿಸೋದನ್ನ ಮಾತ್ರ ಹಳೇಬೀಡಲ್ಲಿ ಮರೀದೆ ಆಫ್ ಮಾಡಿ. ನಗು ಬರುತ್ತೆ ನಿಮ್ಗೆ, ಆದ್ರೆ ಆ ಗೋಡೇಲಿ ಎಷ್ಟು ಮುಖ ಇದಾವೆ ಅಂತ ಯೋಚ್ನೆ ಮಾಡಿ. ನಾನು ಕೈಗೊಂದು ಡಮರು ಹಿಡಿದಿರೋ ಶಿವನ ಮೇಲೆ ಫೋಕಸ್ ಮಾಡ್ತಿದ್ರೆ ಹಸಿರು ಚೌಕ ಪಕ್ಕದ ದ್ವಾರಪಾಲಕನ ಮೇಲೆ ಹೋಗುತ್ತೆ, ಅಲ್ಲಿಂದ ಕೆಳಗಿರೋ ಭಕ್ತನ ಮೇಲೆ, ಅಲ್ಲಿಂದ ಮೂಲೇಲಿ ಸೆಲ್ಫಿ ತೆಗೀತಿದ್ದ ಹುಡುಗೀರ ಮೇಲೆ. ಹೊಯ್ಸಳರ ಶಿಲ್ಪಿಗಳು ಮುಖ ಅಷ್ಟು ಚೆನ್ನಾಗಿ ಕೆತ್ತಿದಾರೆ ಅನ್ನೋಕೆ ಇದಕ್ಕಿಂತ ಸರ್ಟಿಫಿಕೇಟ್ ಬೇಡ, 2023ರಲ್ಲಿ ಯುನೆಸ್ಕೋದವ್ರು ಕೊಟ್ಟಿದ್ದು ಬಿಡಿ.

ಬೇಲೂರಿನ ನವರಂಗದ ಒಳಗೆ ಬೇರೆ ಥರದ ಪರೀಕ್ಷೆ. ಕತ್ತಲು, ಕಡೆದು ಹೊಳಪು ಕೊಟ್ಟ ಕಂಬಗಳು, ಅಲ್ಲಲ್ಲಿ ಬಲ್ಬು. ಮೈನಸ್ 5.5 ಇವಿವರೆಗೆ (ಇವಿ ಬೆಳಕಿನ ಅಳತೆ, ಇದು ಹತ್ರಹತ್ರ ಕಗ್ಗತ್ತಲು) ಫೋಕಸ್ ಆಗುತ್ತೆ ಅಂತ ಕಂಪನಿಯವ್ರು ಹೇಳ್ತಾರಲ್ಲ, ಅದು 80 ಎಂಎಂ ಎಫ್1.7 ಲೆನ್ಸಿಟ್ಟು ಹೇಳಿರೋ ಲೆಕ್ಕ, ಎಫ್4 ಜೂಮ್ ಹಾಕ್ಕೊಂಡು ಅದನ್ನ ನಂಬ್ಕೋಬೇಡಿ. ನರಸಿಂಹ ಕಂಬದ ಮೇಲೆ ಬೆರಳಷ್ಟು ಗೊಂಬೆಗಳಿದಾವಲ್ಲ, ಅವುಗಳ ಮೇಲೆ 32-64 ಎರಡ್ಮೂರು ಸಲ ತಡವರಿಸ್ತು, ಬೆಳಕು ಬಿದ್ದು ನೆರಳಾಗೋ ಗೆರೆ ಮೇಲೆ ಬಾಕ್ಸ್ ಇಟ್ಟಾಗ ಹಿಡ್ಕೊಂಡ್ತು. ಹೊಳೆಯೋ ಮೈ ಮೇಲೆ ಇಟ್ರೆ ಅದ್ರಲ್ಲಿ ಕಾಣೋ ಬಲ್ಬಿನ ಬಿಂಬಕ್ಕೆ ಫೋಕಸ್ ಆಗ್ಬಿಡುತ್ತೆ, ಕಂಬ ಮಸುಕು. ಇಲ್ಲಿ ಬಾಡಿಯೊಳಗಿನ ಸ್ಟೆಬಿಲೈಸೇಷನ್ನಿಗೆ (ಕೈ ನಡುಕ ಸರಿ ಮಾಡೋದು) ಮಾತ್ರ ಕೈ ಮುಗೀಬೇಕು, ಕೈಯಲ್ಲೇ ಹಿಡಿದು 1/8 ಸೆಕೆಂಡಲ್ಲಿ ತೆಗೆದಿದ್ದು 102 ಮೆಗಾಪಿಕ್ಸೆಲಲ್ಲೂ ನಿಂತಿದೆ, ಎಲ್ಲಾ ಅಲ್ಲ, ಮೂರಕ್ಕೆ ಒಂದು.

ಲೆನ್ಸುಗಳು. 63ರಿಂದ ಶುರು ಮಾಡ್ತೀನಿ ಯಾಕಂದ್ರೆ ಜಾಸ್ತಿ ಜನ ಮೊದ್ಲು ತಗೊಳ್ಳೋದು ಇದನ್ನೇ, 405 ಗ್ರಾಮು, ಈ ಸಿಸ್ಟಮಲ್ಲಿ ಹಗುರ, ಬೆಲೆನೂ ಕಡಿಮೆ. ಫೋಟೋ ಗುಣಕ್ಕೆ ಒಂದು ಮಾತಿಲ್ಲ. ಆದ್ರೆ ಫೋಕಸ್ ಮಾಡುವಾಗ ಒಳಗಿನ ಗಾಜಿನ ಗುಂಪನ್ನೇ ಇಡಿಯಾಗಿ ಮುಂದೆ ಹಿಂದೆ ತಳ್ಳುತ್ತೆ, ಬೇಗ, ಸದ್ದಿಲ್ಲದೆ ತಳ್ಳೋ ಲೀನಿಯರ್ ಮೋಟರ್ ಇಲ್ಲ, ಕಿವಿ ಹತ್ರ ಇಟ್ರೆ ಹಳೇ ಹೊಲಿಗೆ ಮಿಷನ್ ನಿಧಾನಕ್ಕೆ ತುಳಿದಂಗೆ ಕರ್ ಕರ್ ಅನ್ನುತ್ತೆ. ಫ್ಯೂಜಿ ಲೆನ್ಸ್ ಹೆಸ್ರಲ್ಲಿ ಎಲ್‌ಎಂ ಅಂತ ಇದ್ರೆ ಲೀನಿಯರ್ ಮೋಟರ್ ಅಂತ ಅರ್ಥ, ಕೊಳ್ಳೋಕೆ ಮುಂಚೆ ಆ ಎರಡಕ್ಷರ ಹುಡುಕಿ. 63ರಲ್ಲಿಲ್ಲ, 80 ಎಫ್1.7ರಲ್ಲಿಲ್ಲ, 45ರಲ್ಲಿಲ್ಲ. 110, 120, 32-64, 45-100, 100-200, 250, 50 ಎಫ್3.5ರಲ್ಲೆಲ್ಲಾ ಇದೆ. ಅಕ್ಷರ ಇಲ್ದೇನೂ ಚುರುಕಾಗಿರೋದು ಇದಾವೆ, 20-35 ಅಂಥದ್ದು, ಆದ್ರೂ ಒಟ್ನಲ್ಲಿ ಗುರುತಿಗೆ ಸಾಕು. ಒಂದೇ ಬಾಡಿ, ಒಂದೇ ಸೆಟ್ಟಿಂಗು, ಮುಂದಿನ ಲೆನ್ಸ್ ಬದಲಾಯಿಸಿದ್ರೆ ಬೇರೆ ಕ್ಯಾಮೆರಾನೇ ಹಿಡಿದಂಗಾಗುತ್ತೆ, ಸೆನ್ಸರ್ ತುಂಬಾ ಫೇಸ್ ಡಿಟೆಕ್ಷನ್ ಪಿಕ್ಸೆಲ್ (ಮುಖ ಗುರುತಿಸೋದಲ್ಲ, ಫೋಕಸ್ ದೂರ ಅಳೆಯೋದು) ಇದ್ದು ಎಲ್ಲಿಗೆ ಹೋಗ್ಬೇಕು ಅಂತ ಕ್ಯಾಮೆರಾಗೆ ಥಟ್ಟಂತ ಗೊತ್ತಾದ್ರೂ ಹೋಗೋ ಕಾಲು ಲೆನ್ಸಿಂದೇ ಅಲ್ವಾ. 63 ಕಲ್ಲಿಗೆ ಓಕೆ, ಕೂತಿರೋ ಅಜ್ಜಿಗೆ ಓಕೆ, ಅಜ್ಜಿ ಮೊಮ್ಮಗನಿಗೆ ಬೇಡ.

110 ಒಂದು ಕೆಜಿ ಮೇಲೆ 10 ಗ್ರಾಮು. ಇದ್ರ ಎಫ್2 ನೋಡಿದ್ಮೇಲೆ ನನ್ 85 ಲೆನ್ಸ್ ಕಡೆ ಎರಡು ದಿನ ತಿರುಗಿ ನೋಡ್ಲಿಲ್ಲ. ಮುಖಕ್ಕೆ ಇದಕ್ಕಿಂತ ಬೇಡ. ಆದ್ರೆ ನಮ್ ಕೆಲ್ಸಕ್ಕೆ, ಅಂದ್ರೆ ಕಲ್ಲು, ಹೂವು, ಬೆಟ್ಟಕ್ಕೆ, ತಂದಿದ್ದು ದುಂದು ಅಂತ ಈಗ ಅನ್ಸುತ್ತೆ, 0.9 ಮೀಟರಿಗಿಂತ ಹತ್ರ ಹೋಗಕ್ಕೆ ಬಿಡಲ್ಲ, ಮದನಿಕೆಯರಿಗೆ ಸ್ವಲ್ಪ ಗಿಡ್ಡ. ಅದ್ರ ಬದ್ಲು 100-200 ತರಿಸಿದ್ರೆ ಸೂರಿನ ಕೆಳಗಿರೋರೆಲ್ಲಾ ಚೆನ್ನಾಗಿ ಸಿಗ್ತಿದ್ರು. 32-64 ಬಗ್ಗೆ ಹೆಚ್ಚು ಹೇಳೋದೇನಿಲ್ಲ, ಹಾಕಿದ್ದು ಮರೆತೋಗುತ್ತೆ, ಅದೇ ಅದ್ರ ದೊಡ್ಡ ಗುಣ, ಎಫ್8ರಲ್ಲಿ ಮೂಲೆವರೆಗೂ ಗರಿಗರಿ. ಎಫ್16ಕ್ಕೆ ಹೋಗ್ಬೇಡಿ, ಇಷ್ಟು ಸಣ್ಣ ಪಿಕ್ಸೆಲಿಗೆ ಡಿಫ್ರಾಕ್ಷನ್ (ಸಣ್ಣ ಕಿಂಡೀಲಿ ಬೆಳಕು ಹರಡಿ ಫೋಟೋ ಮೆತ್ತಗಾಗೋದು) ಕಣ್ಣಿಗೆ ಕಾಣುತ್ತೆ, ಜೊತೆಗೆ ಸೆನ್ಸರ್ ಮೇಲಿನ ಧೂಳೂ. ಎಲ್ಲಾ ಸೇರಿ ಬ್ಯಾಗಲ್ಲಿ 4 ಕೆಜಿ ಮೇಲಿತ್ತು, ಮುಳ್ಳಯ್ಯನಗಿರಿ ಮೆಟ್ಲು ಹತ್ತುವಾಗ ಒಂದೊಂದು ಗ್ರಾಮೂ ಗೊತ್ತಾಯ್ತು.

ಆ ಗಿರೀದು ಹೇಳ್ಲೇ ಇಲ್ಲ. 1930 ಮೀಟರ್ ಮೇಲೆ, ಹಿಂದಿನ ಸಂಜೆ ಮಳೆ ಬಿದ್ದಿತ್ತು, ಬೆಳಗ್ಗೆ ಮಂಜು ಅಂದ್ರೆ ಮಂಜು. ಆಟೋಫೋಕಸ್ಸಿಗೆ ಎಲ್ಲೋ ಒಂದು ಕಡೆ ಕಪ್ಪು ಬಿಳುಪಿನ ಗೆರೆ ಬೇಕು, ಹಾಲಿನ ಪಾತ್ರೆಗೆ ಕ್ಯಾಮೆರಾ ತೋರ್ಸಿ ಫೋಕಸ್ ಮಾಡು ಅಂದ್ರೆ ಅದಾದ್ರೂ ಏನ್ ಮಾಡುತ್ತೆ. ಹಳೇ ಲೆನ್ಸಲ್ಲಿ ರಿಂಗನ್ನ ಕೊನೆವರೆಗೂ ತಿರುಗ್ಸಿಬಿಟ್ರೆ ಇನ್ಫಿನಿಟಿ ಅಂತಿತ್ತು, ಇದ್ರಲ್ಲಿ ರಿಂಗು ಸುತ್ತುತ್ತಾನೇ ಇರುತ್ತೆ, ಎಲೆಕ್ಟ್ರಾನಿಕ್, ಕೊನೆ ಅನ್ನೋದೇ ಇಲ್ಲ. ನಾನು ಮಾಡಿದ್ದು ಇಷ್ಟು: ಹಿಂದಿರೋ ಸಣ್ಣ ಲಿವರನ್ನ ಎಂ-ಗೆ ತಿರುಗ್ಸಿ, ಮಂಜು ಒಂದು ಕ್ಷಣ ಸರಿದು ಎದುರು ಗುಡ್ಡದ ಬಂಡೆ ಅಂಚು ಕಂಡಾಗ ಎಎಫ್-ಆನ್ ಬಟನ್ ಒಂದ್ಸಲ ಒತ್ತೋದು, ಮ್ಯಾನ್ಯುವಲ್ ಮೋಡಲ್ಲಿದ್ರೂ ಆ ಬಟನ್ ಒತ್ತಿದಾಗ ಮಾತ್ರ ಆಟೋಫೋಕಸ್ ಆಗುತ್ತೆ, ಆಮೇಲೆ ಶಟರ್ ಎಷ್ಟು ಸಲ ಒತ್ತಿದ್ರೂ ಫೋಕಸ್ ಕದಲಲ್ಲ. ಮತ್ತೆ ಮಂಜು ಮುಚ್ಕೊಂಡ್ಮೇಲೆ ತೆಗೆದಿದ್ದೇ ಚೆನ್ನಾಗಿ ಬಂತು. ಈ ಎಂ ಪ್ಲಸ್ ಎಎಫ್-ಆನ್ ಉಪಾಯ ಒಂದು ಕಲ್ತ್ರೆ ಈ ಕ್ಯಾಮೆರಾದ ಅರ್ಧ ಬಂತು ಅಂತ ಇಟ್ಕೊಳ್ಳಿ. ಅಂದಹಾಗೆ ಅವತ್ತು ಲಿಮಿಟರ್ ಆನ್ ಇದ್ದಿದ್ದು ಗೊತ್ತಾಗದೇ ಇದ್ದಿದ್ದು ಇದಕ್ಕೇ, ಅಲ್ಲಿ 5 ಮೀಟರ್ ಒಳಗೆ ಇದ್ದಿದ್ದು ನಾವಿಬ್ರೇ.

ಮೂರನೇ ದಿನ ತೋಟ. ಕಾಫಿ ಹೂವು ನೋಡದೇ ಇರೋರಿಗೆ: ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬಿಳಿಯಾಗುತ್ತೆ, ಮಲ್ಲಿಗೆ ಥರ ವಾಸ್ನೆ, ಮೂರ್ನಾಲ್ಕು ದಿನಕ್ಕೆ ಮುಗೀತು. ಗಿಣ್ಣಿಗೆ ಗಿಣ್ಣಿಗೆ ಗೊಂಚ್ಲು, ಜೇನು ಗುಂಯ್ ಅಂತಿರುತ್ತೆ. 120 ಮ್ಯಾಕ್ರೋ 0.45 ಮೀಟರ್ ಹತ್ರ ಹೋಗುತ್ತೆ, ಅರ್ಧ ಅಳತೆ ಸಿಗುತ್ತೆ, ಅಂದ್ರೆ ಸೆನ್ಸರ್ ತುಂಬಾ ಹೆಚ್ಚು ಕಡಿಮೆ ಅಂಗೈ ಅಗಲದ ಜಾಗ. ಅಷ್ಟು ಹತ್ರದಲ್ಲಿ ಎಫ್8 ಇಟ್ರೂ ಕೇಸರ ಫೋಕಸಲ್ಲಿದ್ರೆ ದಳ ಇಲ್ಲ. ಅದಕ್ಕೆ ಫೋಕಸ್ ಬ್ರ್ಯಾಕೆಟಿಂಗು: ಹತ್ರದ ದಳಕ್ಕೆ ಒಂದು, ಹಿಂದಿನ ಎಲೆಗೆ ಒಂದು ಗುರುತು ಇಟ್ರೆ ನಡುವೆ ಅದೇ ಮೆಟ್ಲು ಮೆಟ್ಲಾಗಿ ತೆಗೀತಾ ಹೋಗುತ್ತೆ, ಕೂಡ್ಸೋದು ಮನೇಲಿ ಕಂಪ್ಯೂಟರಲ್ಲಿ, ಕ್ಯಾಮೆರಾ ಕೂಡ್ಸಿ ಕೊಡಲ್ಲ. ಕೇಳೋಕೆ ಸುಲಭ. ಸೆಟ್ ಅರ್ಧ ಆಗೋ ಹೊತ್ತಿಗೆ ಗಾಳಿ ಬರುತ್ತೆ, ರೆಂಬೆ ತೂಗುತ್ತೆ, ಇಲ್ಲಾ ಜೇನು ಬಂದು ಕೂತು ಹೂವನ್ನೇ ಬಗ್ಗಿಸುತ್ತೆ. ಬೆಳಗ್ಗೆ 6ರಿಂದ 10ರವರೆಗೆ ಹದಿನೈದು ಸೆಟ್ ತೆಗೆದು ಒಂದೇ ಒಂದು ಕೂಡ್ತು. ಹುಡುಗ ಟಾರ್ಪಲ್ ಹಿಡಿದು ಗಾಳಿಗೆ ಅಡ್ಡ ನಿಂತಿದ್ದು ಆ ಒಂದು. ಒಂದೊಂದು ಅನ್‌ಕಂಪ್ರೆಸ್ಡ್ ರಾ ಫೈಲು (ಸೆನ್ಸರ್ ಕಂಡಿದ್ದನ್ನ ಹಂಗೇ ಹಸಿಯಾಗಿ ಇಟ್ಟಿದ್ದು) 200 ಎಂಬಿ, ಸೆಟ್ಟಿಗೆ 40 ಫೋಟೋ, ನನ್ ಕಂಪ್ಯೂಟರ್ ಫ್ಯಾನು ಇನ್ನೂ ಸುಧಾರಿಸ್ಕೊಂಡಿಲ್ಲ. ಲಾಸ್‌ಲೆಸ್ ಕಂಪ್ರೆಸ್ಡ್ ಇಡಿ, ಸೈಜು ಇಳಿಯುತ್ತೆ, ಗುಣ ಏನೂ ಹೋಗಲ್ಲ.

ನಾಲ್ಕನೇ ದಿನ ದುರಾಸೆ. ಬಾಡಿಗೆ ಹೆಂಗೂ ಕೊಟ್ಟಿದೀನಿ ಅಂತ ಹೊಳೇನರಸೀಪುರದಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ 110 ಹಾಕ್ಕೊಂಡು ಹೋದೆ, ಎಎಫ್-ಸಿ, ಕಣ್ಣು ಗುರುತಿಸೋದು ಆನ್. ಕೂರ್ಸಿ ತೆಗೆದಿದ್ದು ದೇವರಾಣೆ ಚಿತ್ರಪಟ. ಧಾರೆ ಟೈಮಲ್ಲಿ ಬಾಸಿಂಗ ಕಟ್ಟಿದ ತಕ್ಷಣ ಆ ಹೊಳಪು, ಮುಖದ ಮುಂದೆ ಇಳಿಬಿದ್ದ ಹೂವು, ಚೌಕ ಒಂದ್ಸಲ ಕಣ್ಣಿಗೆ ಒಂದ್ಸಲ ಹೂವಿಗೆ, ಸೆಕೆಂಡಿಗೆ 5 ಫೋಟೋ, ಶಟರ್ 1/125 ಸೆಕೆಂಡಿಗಿಂತ ವೇಗ ಆದ್ರೆ ಫ್ಲಾಶ್ ಸಿಂಕ್ ಆಗಲ್ಲ, ಅಂದ್ರೆ ಶಟರ್ ಜೊತೆ ತಾಳ ಕೂಡಲ್ಲ. ತಲೆ ಮೇಲೆ ಅಕ್ಷತೆ ಬಿದ್ದಾಗ ಮೂರು ಅಕ್ಕಿಕಾಳು ಅದ್ಭುತವಾಗಿ ಫೋಕಸ್ ಆಗಿದೆ. ಪುಣ್ಯಕ್ಕೆ ಆ ಮದುವೆಗೆ ಬೇರೆ ಫೋಟೋಗ್ರಾಫರ್ ಇದ್ರು, ನಾನು ಬರೀ ನೆಂಟ.

ಇದ್ರ ಬದ್ಲು ಯಾವ್ದು ಅಂತ ಕೇಳೋರಿಗೆ. ಫ್ಯೂಜಿಯವ್ರದೇ 2021ರ 50ಎಸ್ ಮಾರ್ಕ್ 2 ಇದೇ ಮೈಕಟ್ಟು, 51 ಮೆಗಾಪಿಕ್ಸೆಲ್, ಆದ್ರೆ ಬರೀ ಕಾಂಟ್ರಾಸ್ಟ್ ಫೋಕಸ್ಸು (ಹಿಂದೆ ಮುಂದೆ ಹೋಗಿ ಹುಡುಕೋ ನಿಧಾನದ್ದು), ಸೆಕೆಂಡ್ ಹ್ಯಾಂಡ್ ಒಳ್ಳೇ ಬೆಲೆಗೆ ಸಿಕ್ರೆ ಕಲ್ಲಿಗೂ ಬೆಟ್ಟಕ್ಕೂ ಸಾಕು, ಜನಕ್ಕೆ ಬೇಡ. 2023ರ 100 ಮಾರ್ಕ್ 2, 2024ರ 100ಎಸ್ ಮಾರ್ಕ್ 2 ಎರಡ್ರಲ್ಲೂ ಹೊಸ ಪ್ರೊಸೆಸರು, ಹಕ್ಕಿ, ಪ್ರಾಣಿ, ಗಾಡಿ ಅಂತ ಗುರುತಿಸೋದು ಬಂದಿದೆ, ಭದ್ರಾ ಅಭಯಾರಣ್ಯದ ಕಡೆ ಹೋಗೋರಿಗೆ ಅದು. ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ 2022ರದ್ದು, ಶಟರು ಲೆನ್ಸಲ್ಲೇ ಇರೋದ್ರಿಂದ ಫ್ಲಾಶ್ ಇದಕ್ಕಿಂತ ತುಂಬಾ ವೇಗದ ಶಟರಲ್ಲೂ ಸಿಂಕ್ ಆಗುತ್ತೆ, ಮಧ್ಯಾಹ್ನದ ಬಿಸಿಲಲ್ಲಿ ಮದುಮಕ್ಕಳನ್ನ ನಿಲ್ಲಿಸಿ ತೆಗೆಯೋರಿಗೆ ಆಸೆ ಹುಟ್ಸುತ್ತೆ, ಆದ್ರೆ ಅದ್ರಲ್ಲಿ ಕಂಟಿನ್ಯುಯಸ್ ಫೋಕಸ್ ಇಲ್ಲ, 2025ರ ಎಕ್ಸ್2ಡಿ ಮಾರ್ಕ್ 2ಗೇ ಬಂದಿದ್ದು. ಪೆಂಟಾಕ್ಸ್ 645ಝಡ್ ಇನ್ನೂ ಕೆಲವರ ಹತ್ರ ಇದೆ, 2014ರದ್ದು, ಗಟ್ಟಿ ಆಳು, 27 ಪಾಯಿಂಟೂ ನಡುಮಧ್ಯದಲ್ಲೇ ಗುಂಪು ಕಟ್ಟಿರ್ತಾವೆ, ಮೂಲೇಲಿ ಫೋಕಸ್ ಬೇಕಂದ್ರೆ ಕ್ಯಾಮೆರಾನೇ ತಿರುಗ್ಸಿ ವಾಪಸ್ ತರ್ಬೇಕು.

ಬಾಡಿಗೆ ಅಂಗಡಿಗೆ ಐದಕ್ಕೆ ಮೂರು. ಗಾಜುಗಳು ಕ್ಲೀನಾಗಿದ್ವು, ಸೆನ್ಸರ್ ಮೇಲೆ ಒಂದು ಚುಕ್ಕೆ ಇರ್ಲಿಲ್ಲ, ಡೆಪಾಸಿಟ್ಟು ವಾಪಸ್ ಅದೇ ದಿನ ಬಂತು. ಆದ್ರೆ ಬ್ಯಾಟ್ರಿ ಒಂದೇ ಕಳ್ಸಿದ್ರು, ಗಿರಿ ಮೇಲೆ ಚಳಿಗೆ ಬೇಗ ಇಳೀತು, ಹುಡುಗ ಜೇಬಲ್ಲಿಟ್ಟು ಬೆಚ್ಚಗೆ ಮಾಡಿ ಕೊಟ್ಟ ಮೇಲೆ ಇನ್ನೊಂದಿಷ್ಟು ಎಳೀತು. ಲಿಮಿಟರ್ ವಿಷ್ಯ ಫೋನಲ್ಲಿ ಹೇಳಿದ್ದಕ್ಕೆ "ಸಾರ್ ಅದು ಕಸ್ಟಮರ್ ಸೆಟ್ಟಿಂಗು, ನಾವು ಮುಟ್ಟಲ್ಲ" ಅಂದ್ರು. ಒಂದೂವರೆ ಗಂಟೆ ಬಿಸಿಲಿಗೆ ಏನೂ ಕಮ್ಮಿ ಮಾಡ್ಕೊಳ್ಲಿಲ್ಲ.

ಹಳೇಬೀಡಿನ ಗೋಡೆ ಪ್ರಿಂಟ್ ಬಂದಿದೆ, ತೋಟದವ್ರು ಕನ್ನಡಕ ಮೇಲೆತ್ತಿ ನಿಜವಾಗ್ಲೂ ಮೂಗು ತಾಗ್ಸೇ ನೋಡಿದ್ರು, ಉಳಿ ಗುರುತು ಕಾಣ್ತು, ದುಡ್ಡು ಕೊಟ್ರು. ಹೂವಿಂದು ಮಾತ್ರ ಅವ್ರಿಗೆ ಹಿಡಿಸಿಲ್ಲ, ಮುಂದಿನ ಸಲ ಮತ್ತೆ ತೆಗೀಬೇಕು. ಆವಾಗ 120, 32-64 ಎರಡೇ ಸಾಕು, 63ನೂ ಬೇಡ 110ನೂ ಬೇಡ, ಬ್ಯಾಟ್ರಿ ಎರಡು. ಈ ಸಲ ಹೂವು ಅರಳಿದ ಸುದ್ದಿ ಬಂದ್ಮೇಲೆ ಬುಕ್ ಮಾಡೋಕೆ ಹೋಗಿ ಕ್ಯಾಮೆರಾ ಖಾಲಿ ಇಲ್ಲ ಅಂತ ಒಂದು ದಿನ ಕಾದೆ, ಅರಳಿದ್ದು ಬಾಡೋಕೆ ಶುರುವಾಗಿತ್ತು. ಹೂಮಳೆ ಬಿದ್ದ ರಾತ್ರಿನೇ ಫೋನ್ ಮಾಡಿ, ಎಂಟನೇ ದಿನಕ್ಕೆ ಬಸ್ಸಿಗೆ ಹಾಕೋಕೆ ಹೇಳಿ.